ಬಲದ ರಾಡು

ಕೂಡ್ಲಿಗಿ ಹೈವೇ ಪಕ್ಕದ ಆ ಗ್ಯಾರೇಜಿನಲ್ಲಿ ಇಬ್ಬರು ಮೇಸ್ತ್ರಿಗಳು. ಇಬ್ಬರೂ ಮಾತು ಬಿಟ್ಟಿದ್ದರು. ಊರವರ ಜೊತೆಗಲ್ಲ, ಒಬ್ಬರಿಗೊಬ್ಬರು. ಹೊನ್ನೂರಸ್ವಾಮಿ ಗುಂಡಿಯೊಳಗೆ ನಿಂತು ಗಾಡಿಯ ಹೊಟ್ಟೆ ಬಿಚ್ಚುವವನು, ಮಾರೇಶ ಮೇಲಿಂದ ಬಾನೆಟ್ಟಿನೊಳಗೆ ತಲೆ ತೂರಿಸುವವನು. ಹೊನ್ನೂರಸ್ವಾಮಿಯ ತಂಗಿ ರಮಾ ಮಾರೇಶನ ಹೆಂಡತಿ. ಇಷ್ಟು ಹತ್ತಿರದ ನೆಂಟಸ್ತಿಕೆ ಇಲ್ಲದಿದ್ದರೆ ಆ ಜಗಳ ಅಷ್ಟು ದಿನ ಬಾಳುತ್ತಲೂ ಇರಲಿಲ್ಲ ಬಿಡಿ.

ಒಂದೇ ಗಾಡಿಗೆ ಇಬ್ಬರ ಕೈಯೂ ಬೇಕು, ಆದರೆ ಮಾತು ಬೇಡ. ಹಾಗಾಗಿ ಗಾಳಿಗೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದರು. “ಯಾರರ ಹದಿನೇಳರ ಪಾನಾ ಕೊಡ್ರಿ” ಎಂದು ಗುಂಡಿಯೊಳಗಿಂದ ದನಿ ಏಳುತ್ತಿತ್ತು. ಮಾರೇಶ ಆ ಸ್ಪ್ಯಾನರ್ ತೆಗೆದು ಗುಂಡಿಯ ಅಂಚಿಗಿಟ್ಟು ಮುಖ ತಿರುಗಿಸಿಕೊಳ್ಳುತ್ತಿದ್ದ. ಕೆಳಗಿನಿಂದ ಒಂದು ಕೈ ಬಂದು ಅದನ್ನು ಒಯ್ಯುತ್ತಿತ್ತು. ಪಕ್ಕದ ಚಹಾದಂಗಡಿಯ ಹುಲುಗಪ್ಪ ಇದನ್ನು ನೋಡುತ್ತಲೇ ಹಾಲು ಉಕ್ಕಿಸಿಕೊಳ್ಳುತ್ತಿದ್ದ.

ಜಗಳ ಹುಟ್ಟಿದ್ದು ಒಂದು ಮಾತಿನಿಂದ. ಮಾರೇಶ ಹಳೇ ಅಂಬಾಸಿಡರ್ ಒಂದನ್ನು ತಂದು, ತಿದ್ದಿ ತೀಡಿ, ಬಿಳಿ ಬಣ್ಣ ಹೊಡೆಸಿ ಮದುವೆಗಳಿಗೆ ಬಾಡಿಗೆ ಬಿಡುತ್ತಿದ್ದ. ಈಗಿನ ಮದುಮಕ್ಕಳಿಗೆ ಅಜ್ಜನ ಕಾಲದ ಕಾರಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವ ಹುಚ್ಚು. ಗಾಡಿ ಓಡಿಸುತ್ತಿದ್ದವಳು ರಮಾ. ಮದುಮಗಳ ಸೆರಗು ಬಾಗಿಲಿಗೆ ಸಿಕ್ಕದಂತೆ ನೋಡಿಕೊಂಡು, ಅಳುವ ಹುಡುಗಿಗೆ ನೀರು ಕೊಟ್ಟು, ಮೆಲ್ಲಗೆ ಗಂಡನ ಮನೆ ಮುಟ್ಟಿಸುತ್ತಿದ್ದಳು. ಆ ಅಕ್ಕನೇ ಬರಲಿ ಎಂದು ಜನ ಕೇಳಿ ಕರೆಸಿಕೊಳ್ಳುತ್ತಿದ್ದರು. ಹರಪನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶದ ಊಟಕ್ಕೆ ಕೂತಾಗ ಮಾರೇಶ ಎಲ್ಲರೆದುರು, “ಇಕೀನ ನೋಡ್ರಿ ನಮ್ಮ ಡ್ರೈವರು” ಎಂದುಬಿಟ್ಟ. ಅಂದದ್ದು ಹೆಮ್ಮೆಯಿಂದಲೇ. ಆದರೆ ಪಂಕ್ತಿಯಲ್ಲಿದ್ದವರು ನಕ್ಕರು. ಹೊನ್ನೂರಸ್ವಾಮಿ ಎಲೆ ಬಿಟ್ಟು ಎದ್ದ.

“ನನ್ನ ತಂಗಿನ್ನ ನಿನಗ ಹೆಂಡ್ತಿ ಅಂತ ಕೊಟ್ಟೀನಿ, ಡ್ರೈವರ್ ಅಂತ ಅಲ್ಲ” ಎಂದವನು ಕೈ ತೊಳೆಯುವಾಗ ಮಾತನ್ನೂ ತೊಳೆದುಕೊಂಡ. ಮಾರೇಶನ ಜೊತೆಗಿನ ಮಾತಷ್ಟೇ ಅಲ್ಲ, ಡ್ರೈವರ್ ಎಂಬ ಆ ಪದವನ್ನೇ ಬಾಯಿಂದ ಗಡೀಪಾರು ಮಾಡಿದ. ಲಾರಿಯವರು ಬಂದರೂ ‘ಗಾಡಿ ತಂದವ್ರು’ ಎನ್ನತೊಡಗಿದ. ಮಾರೇಶನಿಗೆ ಅದು ಬರೀ ನಗೆಪಾಟಲಾಗಿ ಕಂಡಿತ್ತು. ಆ ಪದ ಇಲ್ಲದೆ ಗ್ಯಾರೇಜು ನಡೆಯುವುದಿಲ್ಲ ಎಂಬುದು ಅವನಿಗೂ ಹೊಳೆದಿರಲಿಲ್ಲ.

ಅಂಬಾಸಿಡರ್ ಅಂದರೆ ಮೆತ್ತನೆಯ ಗಾಡಿ, ಆದರೆ ತಿರುವು ಬಂದರೆ ಮೈಯನ್ನೆಲ್ಲ ಹೊರಗೆ ಚೆಲ್ಲುತ್ತದೆ. ಹಿಂದಿನ ಲಗ್ನದ ಸೀಸನ್ನಿನಲ್ಲಿ ಹಡಗಲಿ ಹತ್ತಿರದ ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂದು, ರಮಾ ಸ್ಟೇರಿಂಗ್ ಎಳೆದಾಗ ಗಾಡಿ ವಾಲಿದ ವಾಲಿಕೆಗೆ ಮದುಮಗಳು ಮದುಮಗನ ಮೇಲೆ ಬಿದ್ದಿದ್ದಳು. ಅವರಿಬ್ಬರಿಗೆ ಅದು ತಮಾಷೆ. ರಮಾ ಮನೆಗೆ ಬಂದು ಊಟ ಮಾಡಿರಲಿಲ್ಲ. “ನಾ ಎಳದ್ರ ಅದು ಕೇಳಿಸ್ಕೊಂಡು, ಯೋಚ್ನಿ ಮಾಡಿ, ಆಮ್ಯಾಲೆ ಹೊಳ್ಳತೈತಿ. ತಿರುವಿನ್ಯಾಗ ನನ್ನ ಮಾತು ಕೇಳೂ ಹಂಗ ಮಾಡಿಕೊಡ್ರಿ. ಇಲ್ಲಂದ್ರ ನಾ ಕೀಲಿ ಮುಟ್ಟಂಗಿಲ್ಲ” ಎಂದು ಗಂಡನಿಗೂ ಹೇಳಿದಳು, ಅಣ್ಣನಿಗೂ ಹೋಗಿ ಹೇಳಿದಳು. ಇಬ್ಬರೂ ಒಪ್ಪಿದರು, ಬೇರೆ ಬೇರೆಯಾಗಿ.

ಗಾಡಿಯ ಮುಂಗಾಲು ಬಿಚ್ಚಿದರು. ಹಳೇ ಕೈ ಆಕಾರದ ಶಾಕ್ ಅಬ್ಸಾರ್ಬರ್ ತೆಗೆದು ಈಗಿನ ಕೊಳವೆಯಂಥವು ಹಾಕಿದರು. ಎಡಗಾಲಿ ಬಲಗಾಲಿ ಎರಡನ್ನೂ ಸೇರಿಸಿ ಕಟ್ಟುವ ಒಂದು ಅಡ್ಡ ಕಂಬಿ ಕೂರಿಸಿದರು, ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಎಳೆದು ನಿಲ್ಲಿಸಲಿ ಎಂದು. ಅದರ ಪಟ್ಟಿಗಳನ್ನು ಗುಂಡಿಯಲ್ಲಿ ನಿಂತು ವೆಲ್ಡ್ ಮಾಡಿದ್ದು ಹೊನ್ನೂರಸ್ವಾಮಿ. ಉಳಿದದ್ದು ಮುಖ್ಯವಾದ ರಾಡು. ಅಂಬಾಸಿಡರಿನ ಮುಂದೆ ಸುರುಳಿ ಸ್ಪ್ರಿಂಗ್ ಇರುವುದಿಲ್ಲ. ಗಾಲಿಗೊಂದರಂತೆ ಎದೆಯೆತ್ತರದ ಉಕ್ಕಿನ ರಾಡು ಇರುತ್ತದೆ. ಗಾಲಿ ಗುಂಡಿಗೆ ಬಿದ್ದಾಗ ಅದು ತಿರುಚಿಕೊಂಡು ಭಾರ ಹೊರುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಹೊನ್ನೂರಸ್ವಾಮಿ ಹೊಸಪೇಟೆಯ ಗುಜರಿಯಲ್ಲಿ ಒಂದು ಡೀಸೆಲ್ ಗಾಡಿಯ ಕೆಳಗೆ ತಾನೇ ಮಲಗಿ, ಇನ್ನಷ್ಟು ದಪ್ಪನೆಯ ಎರಡು ರಾಡು ಬಿಚ್ಚಿಕೊಂಡು ಬಂದ. ಒಂದರ ತುದಿಗೆ ಕೆಂಪು ಬಣ್ಣ ಬಳಿದಿದ್ದ. ಗೋಡೆಗೆ ಆನಿಸಿಟ್ಟು ಗಾಳಿಗೆ ಹೇಳಿದ: “ಕೆಂಪು ಹಚ್ಚಿದ್ದು ಬಲದ ರಾಡು.” ಹೇಳಿದವನೇ ಹರಪನಹಳ್ಳಿಗೆ ಹೋದ, ಅಲ್ಲಿ ನೆಂಟರ ಮನೆಯಲ್ಲಿ ಏನೋ ಕಾರ್ಯವಿತ್ತು.

ಬಲದ ರಾಡು. ಒಳ್ಳೇ ಗಟ್ಟಿಯಾದದ್ದು ಅಂದನಲ್ಲ ಎಂದುಕೊಂಡ ಮಾರೇಶ. ಬಲದ ಆಳು ಅನ್ನುವುದಿಲ್ಲವೇ ಹಾಗೆ. ಅಂಬಾಸಿಡರ್ ಮೊದಲಿನಿಂದಲೂ ಎಡಕ್ಕೆ ತುಸು ಕುಂತಿತ್ತು. ಫೋಟೊದವರು ಯಾವಾಗಲೂ ಮುಂದಿನ ಎಡಸೀಟಿನಲ್ಲೇ ಕೂರುವುದು, ಅವರ ಸಾಮಾನೂ ಅವರ ಕಾಲ ಬುಡದಲ್ಲೇ. ಆ ಕಡೆಗೇ ಬಲವಾದದ್ದು ಬೇಕು. ರಾಡನ್ನು ಕೈಯಲ್ಲಿ ಹಿಡಿದಾಗ ಒಂದು ಅನುಮಾನ ಬಂತು. ಇವೆರಡೂ ಒಂದೇ ಗಾಡಿಯವೋ ಏನೋ, ಯಾವ ಕಡೆಯವೋ ಏನೋ, ಕೇಳಬೇಕಲ್ಲ. ಫೋನ್ ತೆಗೆದ. ಆದರೆ ಫೋನಿನಲ್ಲಿ ಗಾಳಿಗೆ ಮಾತಾಡಲು ಬರುವುದಿಲ್ಲ. ನಂಬರು ಒತ್ತಿದರೆ ಅದು ಒಬ್ಬನಿಗೇ ಹೋಗುತ್ತದೆ, ಮೊದಲು ಮಾತಾಡಿದವನು ಸೋತ ಲೆಕ್ಕ. ಮಾರೇಶ ಫೋನನ್ನು ಜೇಬಿಗಿಟ್ಟು ಕೆಂಪು ರಾಡನ್ನು ಎಡಕ್ಕೆ ಹಾಕಿದ.

ಗಾಡಿ ನೆಟ್ಟಗೆ ನಿಂತಿತು. ರಮಾ ಹೈವೇಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು, “ಈಗ ಕೇಳ್ತೈತಿ ನೋಡ್ರಿ ನನ್ನ ಮಾತು” ಎಂದು ನಕ್ಕಳು. ಮಾರನೆಯ ದಿನ ಕೊಟ್ಟೂರಿನಲ್ಲಿ ಲಗ್ನ. ಮದುಮಕ್ಕಳನ್ನು ಕೂರಿಸಿಕೊಂಡು ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿಗೆ ಮುಟ್ಟಿಸಬೇಕಿತ್ತು. ಗಾಡಿಗೆ ಹೂವಿನ ಹಾರ ಕಟ್ಟಿಕೊಂಡು ಬೆಳಗ್ಗೆಯೇ ಹೊರಟಳು.

ಹೊನ್ನೂರಸ್ವಾಮಿ ಹರಪನಹಳ್ಳಿಯಿಂದ ಬಂದು ಬಸ್ಸಿಳಿದಾಗ ಬಿಸಿಲು ಏರಿತ್ತು. ಹುಲುಗಪ್ಪ ಇಬ್ಬರಿಗೂ ಚಹಾ ತಂದ. ಮಾರೇಶನಿಗೆ ತನ್ನ ಕೆಲಸ ತಾನೇ ಹೊಗಳಿಕೊಳ್ಳದೆ ಇರಲಾಗಲಿಲ್ಲ.

“ಹುಲುಗಪ್ಪಣ್ಣ, ನಿನ್ನೆ ನೋಡಬೇಕಿತ್ತು ನೀ. ಬಲದ ರಾಡು ಎಡಕ ಹಾಕಿದ ಮ್ಯಾಲೆ ಗಾಡಿ ಹೆಂಗ ನೆಟ್ಟಗ ನಿಂತೈತಿ ಅಂತಿ.”

ಹೊನ್ನೂರಸ್ವಾಮಿಯ ಚಹಾದ ಲೋಟ ತುಟಿಯ ಹತ್ತಿರ ನಿಂತಿತು.

“ಹುಲುಗಪ್ಪ,” ಎಂದ ನಿಧಾನಕ್ಕೆ, “ಯಾವ ರಾಡು ಎಲ್ಲಿ ಹಾಕ್ಯಾರ ಕೇಳು.”

“ಕೆಂಪು ಹಚ್ಚಿದ್ದು, ಎಡಕ, ಕ್ಲೀನರ್ ಸೈಡಿಗೆ ಅಂತ ಹೇಳು,” ಎಂದ ಮಾರೇಶ.

“ಅದು ಬಲದ್ದು ಅಂತ ಹೇಳಿದ್ದಿಲ್ಲೇನು, ಕೇಳು.”

“ಬಲದ್ದು ಅಂತನ ಹಾಕೀನಿ. ಆ ಕಡಿ ಭಾರ ಜಾಸ್ತಿ, ಗಟ್ಟಿ ಇದ್ದದ್ದು ಆ ಕಡಿಗೆ.”

ಹುಲುಗಪ್ಪ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡುವಷ್ಟರಲ್ಲಿ ಲೋಟ ನೆಲಕ್ಕೆ ಬಿತ್ತು. ಹೊನ್ನೂರಸ್ವಾಮಿ ಎದ್ದು ನೇರ ಬಂದು ಮಾರೇಶನ ಅಂಗಿ ಹಿಡಿದ.

“ಲೇ ಮಾರೇಶ. ಗಟ್ಟಿ ಅಂತ ಅಲ್ಲಲೇ. ಬಲಗಡಿದು. ಬಲಗಡಿ ಗಾಲಿದು ಅದು.”

ಇದನ್ನು ಮಾರೇಶನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವರ್ಷಗಟ್ಟಲೆ ಒಂದೇ ಕಡೆಗೆ ತಿರುಚಿಕೊಂಡು ಪಳಗಿದ ರಾಡು ಅದು. ತಂದು ಆಚೆ ಕಡೆಗೆ ಹಾಕಿದರೆ ಉಲ್ಟಾ ತಿರುಚಬೇಕಾಗುತ್ತದೆ. ನಿನ್ನೆ ನೆಟ್ಟಗೆ ನಿಂತದ್ದು ನಿಜ, ಈಗಲೂ ನಿಂತಿರಬಹುದು. ಆದರೆ ಯಾವುದೋ ಒಂದು ಗುಂಡಿಯಲ್ಲಿ, ಯಾವುದೋ ಒಂದು ತಿರುವಿನಲ್ಲಿ ಒಣಕಟ್ಟಿಗೆ ಮುರಿದಂತೆ ಮುರಿಯುತ್ತದೆ. ಮುರಿದರೆ ಗಾಡಿ ಎಡಕ್ಕೆ ಕುಸಿದು ಎಡಕ್ಕೇ ಎಳೆಯುತ್ತದೆ.

“ಬಲಗಡಿಗೆ ಡ್ರೈವರ್ ಸೈಡು ಅನಬೇಕಿತ್ತಲ್ಲ ಭಾವ,” ಎಂದ. “ಎಲ್ಲಾರೂ ಅದನ್ನ ಅನ್ನೂದಲ್ಲ. ಬಲ ಅಂತ ನೀವು ಯಾವತ್ತರ ಅಂದೀರೇನು ಈ ಗ್ಯಾರೇಜಿನ್ಯಾಗ?”

ಹೊನ್ನೂರಸ್ವಾಮಿ ಅಂಗಿ ಬಿಟ್ಟ. ಆ ಕ್ಷಣಕ್ಕೆ ಇಬ್ಬರಿಗೂ ಅರ್ಥವಾಯಿತು, ಒಂದು ಪದವನ್ನು ಬಾಯಿಂದ ಹೊರಗೆ ಹಾಕಿದ್ದು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು.

ಮಾರೇಶ ರಮಾಳಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮದುಮಕ್ಕಳು ಕೂತರೆ ಅವಳು ಫೋನನ್ನು ಸೈಲೆಂಟ್ ಮಾಡಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಹಾಕಿಬಿಡುವವಳು. ಒಮ್ಮೆ ವಿಡಿಯೋದ ನಡುವೆ ಅವಳ ಫೋನ್ ಹೊಡೆದುಕೊಂಡು ಮದುವೆಯವರು ಮುನಿಸಿಕೊಂಡಿದ್ದರು. ಮತ್ತೆ ಹಚ್ಚಿದ. ಮತ್ತೆ ರಿಂಗು. ಹುಲುಗಪ್ಪ ಕೇಳುವ ಮೊದಲೇ ತನ್ನ ಬೈಕಿನ ಕೀಲಿ ಕೊಟ್ಟ.

ಕೊಟ್ಟೂರಿನ ದಾರಿಯಲ್ಲಿ ಮಾರೇಶ ಬೈಕನ್ನು ಮೈಮೇಲೆ ಬಂದವನ ಹಾಗೆ ಓಡಿಸಿದ. ಹಿಂದೆ ಕೂತ ಹೊನ್ನೂರಸ್ವಾಮಿ ಒಂದು ಕೈಯಲ್ಲಿ ಅವನ ಹೆಗಲು ಹಿಡಿದು ಇನ್ನೊಂದು ಕೈಯಲ್ಲಿ ಬಿಡದೆ ಫೋನ್ ಒತ್ತುತ್ತಿದ್ದ. ಮಾರೇಶನಿಗೆ ಸಿಟ್ಟು ಬಂತು, ಹೆಗಲ ಮೇಲಿನ ಆ ಕೈಯ ಮೇಲೆ, ತನ್ನ ಮೇಲೆ, ಗೃಹಪ್ರವೇಶದಲ್ಲಿ ನಕ್ಕವರ ಮೇಲೆ. ಸಿಟ್ಟಿನ ಕೆಳಗೆ ಬರೀ ಹೆದರಿಕೆ ಇತ್ತು. ಈಗ ಕೇಳ್ತೈತಿ ನನ್ನ ಮಾತು ಎಂದು ನಕ್ಕ ರಮಾಳ ಮುಖ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಗಾಡಿ ಮಾತು ಕೇಳುತ್ತದೆ ಎಂಬ ಧೈರ್ಯದ ಮೇಲೆ ಇವತ್ತು ಅವಳು ಯಾವತ್ತಿಗಿಂತ ಜೋರಾಗಿಯೇ ಓಡಿಸುತ್ತಾಳೆ.

ಕೊಟ್ಟೂರಿನ ಕಲ್ಯಾಣ ಮಂಟಪದ ಮುಂದೆ ಪಾತ್ರೆ ತೊಳೆಯುತ್ತಿದ್ದರು. ಬಾಗಿಲಲ್ಲಿ ಕೂತಿದ್ದ ಒಬ್ಬ ಮುದುಕಪ್ಪನನ್ನು ಮಾರೇಶ ಬೈಕಿನಿಂದಲೇ ಕೇಳಿದ.

“ಬಿಳೀ ಗಾಡಿ ಏನ್ರಿ? ಹೋತು ಹೋತು. ಹುಡುಗ ಹುಡುಗಿ ಹಿಂದ ಕುಂತಾರ, ಮುಂದ ಫೋಟೊದಂವ ಕುಂತಾನ. ಅಂವ ಏನು ಆಳೋ ಏನು ಆನಿಯೋ, ಕುಂತ ಕೂಡ್ಲೆ ಗಾಡಿ ಅತ್ತಾಗ ವಾಲ್ತು ನೋಡ್ರಿ.”

“ಅತ್ತಾಗ ಅಂದ್ರ?” ಎಂದ ಮಾರೇಶ, ಗೊತ್ತಿದ್ದೂ.

“ಕ್ಲೀನರ್ ಸೈಡ್,” ಎಂದ ಮುದುಕಪ್ಪ.

ಹಗರಿಬೊಮ್ಮನಹಳ್ಳಿ ದಾರಿ ಹಿಡಿದರು. ಸುಗ್ಗಿಯ ಕಾಲ. ರಸ್ತೆಯ ಎಡ ಅರ್ಧ ತುಂಬ ಮೆಕ್ಕೆಜೋಳ ಹರವಿದ್ದರು, ಗಾಡಿಗಳು ಹತ್ತದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲಿಟ್ಟಿದ್ದರು. ಎದುರಿನಿಂದ ಲಾರಿ ಬಂದರೆ ಆ ಕಲ್ಲಿನ ಮೇಲೆ ಹತ್ತಿಸದೆ ಗತಿಯಿಲ್ಲ. ಯಾವ ಕಲ್ಲಾದರೂ ಜಾಗ ತಪ್ಪಿದೆಯೇ ಎಂದು ಮಾರೇಶ ಸಾಲನ್ನೇ ನೋಡುತ್ತ ಹೊಡೆದ.

“ಸಾವಕಾಶ ಹೊಡಿ,” ಎಂದ ಹೊನ್ನೂರಸ್ವಾಮಿ ಕಿವಿಯ ಹತ್ತಿರ. “ನಾವ ಬಿದ್ರ ಆಕಿಗೆ ಹೇಳೋರು ಯಾರು?”

ಮಾರೇಶ ಸಾವಕಾಶ ಮಾಡಲಿಲ್ಲ.

“ಗುಂಡಿಯೊಳಗಿಂದ ನೀವು ಒಂದಿನ ನನ್ನ ಹೆಸರು ಹಿಡಿದು ಕರೀತೀರಿ ಅಂತ ಕಾದೀನಿ ಭಾವ,” ಎಂದ. ಗಾಳಿಗೆ ಕೇಳಿಸಿತೋ ಇಲ್ಲವೋ. ಹೆಗಲ ಮೇಲಿನ ಕೈ ಒಮ್ಮೆ ಬಿಗಿಯಾಯಿತು.

“ನಾನೂ ಕಾದೆ,” ಎಂದ ಹೊನ್ನೂರಸ್ವಾಮಿ ಆಮೇಲೆ. “ನೀ ಸಣ್ಣಾವ. ನೀ ಮೊದಲ ಮಾತಾಡಲಿ ಅಂತ.”

ಒಂದು ಹಳ್ಳಿ ದಾಟಿದ ಮೇಲೆ ರಸ್ತೆಯಲ್ಲಿ ಜನ ಗುಂಪುಗೂಡಿದ್ದರು. ಮಾರೇಶನಿಗೆ ಬ್ರೇಕು ಎಲ್ಲಿದೆ ಎಂಬುದೇ ಮರೆತುಹೋಯಿತು. ಹತ್ತಿರ ಹೋದರೆ ಜೋಳದ ಲಾರಿಯೊಂದರ ಹಗ್ಗ ಬಿಚ್ಚಿ ಚೀಲ ಉರುಳಿದ್ದವು, ಅಷ್ಟೇ. ಹೊನ್ನೂರಸ್ವಾಮಿ ಹಿಂದೆ ಕೂತಲ್ಲೇ ಮೈಲಾರಲಿಂಗನ ಹೆಸರು ಹೇಳಿದ. ಅವನು ದೇವರನ್ನು ಕರೆಯುವ ಪೈಕಿಯವನೇ ಅಲ್ಲ. ಅದನ್ನು ಕೇಳಿ ಮಾರೇಶನ ಹೆದರಿಕೆ ಇನ್ನಷ್ಟು ಹೆಚ್ಚಿತು.

ಮುಂದೆ ಕೆರೆಯ ಏರಿ. ರಸ್ತೆ ನೇರ ಬಂದು ಏರಿಯ ಬುಡದಲ್ಲಿ ಬಲಕ್ಕೆ ಹೊರಳಿ ಮೇಲೆ ಹತ್ತುತ್ತದೆ. ಎಡಗಡೆ ತಡೆಗೋಡೆ ಇಲ್ಲ. ಕೆಳಗೆ ನೀರು, ನೀರಿನಂಚಿಗೆ ಬಂಡೆ. ಅಲ್ಲಿಗೆ ತುಸು ಮೊದಲು ಜೋಳದ ಕಲ್ಲಿನ ಸಾಲು ಚೆದುರಿತ್ತು. ಅಲ್ಲಿಂದ ಡಾಂಬರಿನ ಮೇಲೆ ಎರಡು ಕಪ್ಪು ಗೆರೆ ಶುರುವಾಗಿದ್ದವು. ಮಾರೇಶ ಬೈಕು ನಿಲ್ಲಿಸಿದ. ಗೆರೆಗಳು ಎಡಕ್ಕೆ ಸರಿದು, ಇನ್ನೂ ಎಡಕ್ಕೆ ಸರಿದು, ರಸ್ತೆ ಬಿಟ್ಟು ಮಣ್ಣಿಗೆ ಇಳಿದಿದ್ದವು. ಇಬ್ಬರೂ ಬೈಕನ್ನು ನೆಲಕ್ಕೆ ಕೆಡವಿ ಓಡಿದರು.

ಮಣ್ಣಿನಲ್ಲಿ ಗೆರೆಗಳು ಅಂಚಿನವರೆಗೆ ಹೋಗಿ, ಬಾಗಿ, ವಾಪಸು ರಸ್ತೆಗೆ ಬಂದಿದ್ದವು. ಏರಿಯ ಮೇಲೆ ಬೇವಿನ ಗಿಡದ ಕೆಳಗೆ ಬಿಳಿ ಅಂಬಾಸಿಡರ್ ಎಡಮೊಣಕಾಲು ಊರಿದ ಎತ್ತಿನಂತೆ ನಿಂತಿತ್ತು. ಹೂವಿನ ಹಾರ ಅರ್ಧ ಹರಿದು ಬಾನೆಟ್ಟಿನಿಂದ ಜೋತಾಡುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ರಮಾ ಕೂತಿದ್ದಳು. ಒಬ್ಬಳೇ.

ಹೊನ್ನೂರಸ್ವಾಮಿಯೇ ಕೇಳಿದ.

“ಏನೂ ಆಗಿಲ್ಲಲ್ಲವ್ವಾ?”

“ಹುಡುಗ ಹುಡುಗಿ ಆರಾಮದಾರ. ಹಿಂದ ಅವರ ಕಡೇರ ಟೆಂಪೋ ಬರ್ತಿತ್ತು, ಅದರಾಗ ಕಳಿಸೀನಿ. ಫೋಟೊದವನ ಹಣಿ ಬಾತೈತಿ.”

“ನಿನಗ?”

ರಮಾ ತನ್ನ ಕೈ ನೋಡಿಕೊಂಡಳು. ಮಡಿಲಲ್ಲಿ ಕಾರಿನ ಕೀಲಿ ಇತ್ತು.

“ಲಾರಿ ಬಂತು. ಎಡಗಾಲಿ ಕಲ್ಲ ಮ್ಯಾಲೆ ಹತ್ತಿ ಇಳೀತು. ಟಣ್ ಅಂತು. ಆಮ್ಯಾಲೆ ಗಾಡಿ ನನ್ನ ಕೈಯಾಗ ಇರಲಿಲ್ಲ,” ಎಂದಳು. “ನೀರು ಕಂಡ್ತು. ಆ ಹುಡುಗಿ ಅವ್ವಾ ಅಂದ್ಲು. ನಾ ಹೊಸಾ ಅಡ್ಡ ಕಂಬಿ ಐತಿ ಹಿಡಿತೈತಿ, ಹಿಡಿತೈತಿ ಅಂತ ಎಳದೆ.”

ಹೊನ್ನೂರಸ್ವಾಮಿ ಅಷ್ಟರಲ್ಲಿ ನೆಲಕ್ಕೆ ಒರಗಿ ಗಾಡಿಯ ಕೆಳಗೆ ನೋಡಿದ್ದ. ಕೆಂಪು ತುದಿಯ ರಾಡು ಎರಡು ತುಂಡಾಗಿತ್ತು. ಅಡ್ಡ ಕಂಬಿ ಬಾಗಿತ್ತು, ಆದರೆ ಅದರ ಪಟ್ಟಿಗಳು ಬಿಟ್ಟಿರಲಿಲ್ಲ. ಕುಸಿದ ಎಡಗಾಲಿಯನ್ನು ಬಲಗಾಲಿಗೆ ಕಟ್ಟಿ ಹಿಡಿದದ್ದು ಅದೇ. ಎದ್ದವನು ಕಣ್ಣೊರೆಸಿಕೊಂಡ, ಧೂಳು ಬಿದ್ದವನ ಹಾಗೆ.

“ನೀವಿಬ್ರೂ ಕೂಡಿ ಮಾಡಿದ ಗಾಡಿ ಇದು,” ಎಂದಳು ರಮಾ. “ಹಾಕಿದ ಮರುದಿನ ರಾಡು ಯಾಕ ಮುರೀತು?”

ಅಲ್ಲಿಗೆ ಇಬ್ಬರಿಗೂ ಬಾಯಿ ಬಂತು. ಎಷ್ಟೋ ದಿನದಿಂದ ಕೂಡಿಟ್ಟ ಮಾತು, ಒಂದರ ಮೇಲೊಂದು ಬಿದ್ದವು.

“ಇಂವ ಒಂದು ಮಾತು ಕೇಳಲಿಲ್ಲವ್ವಾ ನನ್ನ—”

“ಭಾವ ಬಲದ್ದು ಅಂದ್ರು, ನಾ ಗಟ್ಟಿ ಇದ್ದದ್ದು ಅಂತ ತಿಳಕೊಂಡೆ. ಡ್ರೈವರ್ ಸೈಡ್ ಅಂದಿದ್ರ—”

“ಫೋನ್ ಇತ್ತಲ್ಲ ಕೈಯಾಗ? ಒಂದು ಫೋನ್ ಮಾಡಿದ್ರ ನಾ ಹೇಳ್ತಿದ್ದಿಲ್ಲೇನು?”

“ಮಾಡಾಕ ತಗದಿದ್ದೆ. ನೀವ ಮಾತು ಬಿಟ್ಟಾವ್ರು—”

ರಮಾ ಒಬ್ಬನ ಮುಖ ನೋಡಿ ಇನ್ನೊಬ್ಬನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು ಎಂಬುದು ಮಾರೇಶನಿಗೆ ಕಂಡಿತು, ಅವನ ಮಾತು ಅರ್ಧಕ್ಕೇ ನಿಂತಿತು. ಅಷ್ಟು ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂದು ನಿಧಾನ ಮಾಡಿತು. ಮೇಲೆ ಕೂತವನು ಬಗ್ಗಿ ನೋಡಿ ಕೇಳಿದ.

“ಗಾಡಿ ಎಳೀಬೇಕೇನ್ರಿ? ಡ್ರೈವರ್ ಎಲ್ಲ್ಯದಾನ?”

ಹೊನ್ನೂರಸ್ವಾಮಿ ಟ್ರ್ಯಾಕ್ಟರಿನ ಕಡೆ ಎರಡು ಹೆಜ್ಜೆ ಇಟ್ಟ.

“ಡ್ರೈವರ್ ಇಕಿ,” ಎಂದ. “ನನ್ನ ತಂಗಿ. ನೀ ಹೋಗಪ್ಪ, ನಾವ ನೋಡ್ಕೊಂತೀವಿ.”

ಟ್ರ್ಯಾಕ್ಟರ್ ಹೋಯಿತು. ಮಾರೇಶ ಹೆಂಡತಿಯ ಕಡೆ ನೋಡಿದ. ಈಗಲಾದರೂ ಅವಳು ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ, ಎರಡರಲ್ಲಿ ಯಾವುದಾದರೂ ಸರಿ ಎಂದು ಕಾದ. ರಮಾ ಎದ್ದು, ಸೀರೆಯ ಮಣ್ಣು ಕೊಡವಿ, ಕಾರಿನ ಮುಂದೆ ಬಂದು ನಿಂತಳು. ಹರಿದ ಹಾರವನ್ನು ಬಿಡಿಸಿ ತೆಗೆದಳು. ಕೈಯಲ್ಲಿದ್ದ ಕೀಲಿಯನ್ನು ಬಾನೆಟ್ಟಿನ ಅಂಚಿಗಿಟ್ಟಳು. ಆಮೇಲೆ ಗಂಡನನ್ನೂ ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ, ಕಾರಿನ ಹೆಡ್‌ಲೈಟಿಗೆ ಹೇಳಿದಳು.

“ಯಾರರ ಒಬ್ರು ಇದನ್ನ ತೊಗೊಳ್ರಿ.”

ಹೇಳಿ ಮುಖ ತಿರುಗಿಸಿಕೊಂಡು ಹಗರಿಬೊಮ್ಮನಹಳ್ಳಿ ಬಸ್ಸು ಬರುವ ಕಡೆ ನಡೆಯತೊಡಗಿದಳು.

ಮಾರೇಶನೂ ಹೊನ್ನೂರಸ್ವಾಮಿಯೂ ಕಾರಿನ ಆಚೆಗೊಬ್ಬ ಈಚೆಗೊಬ್ಬ ನಿಂತಿದ್ದರು. ಕೀಲಿ ಇಬ್ಬರಿಗೂ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ.